ತೊಳೆದ ಮದ್ದು

ಲಂಡನ್
ಜನವರಿ 12, 1642

ಅಪ್ಪನಿಗೆ ಡಾರ್ಕಸ್ ಮಾಡುವ ವಂದನೆಗಳು.

ಗಾಡಿಯ ಪೆರಿ ನಾಳೆ ವಾರಿಕ್‌ಶೈರಿನ ಕಡೆ ಹೊರಡುತ್ತಾನಂತೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ಏನೇನು ಸುದ್ದಿ ಹಬ್ಬಿದೆಯೋ ತಿಳಿಯದು. ನಡೆದದ್ದು ಇಷ್ಟು. ಹೋದ ವಾರ ಅರಸ ತಾನೇ ನೂರಾರು ಕತ್ತಿಯವರನ್ನು ಬೆನ್ನಿಗಿಟ್ಟುಕೊಂಡು ಪಾರ್ಲಿಮೆಂಟಿನ ಒಳಕ್ಕೆ ನಡೆದ. ಎದುರಾಡುತ್ತಿದ್ದ ಐದು ಜನ ಸದಸ್ಯರನ್ನು ಹಿಡಿದೊಯ್ಯಲು. ಐವರೂ ಅಷ್ಟರಲ್ಲಿ ದೋಣಿ ಹತ್ತಿ ಪೇಟೆಯೊಳಗೆ ಸೇರಿಕೊಂಡಿದ್ದರು. ಅರಸ ಬರಿಗೈಯಲ್ಲಿ ಮರಳಿದ. ಮೊನ್ನೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಲಂಡನ್ನನ್ನೇ ಬಿಟ್ಟುಹೋದ.

ನಮ್ಮ ಬೀದಿಗೆ ಅಡ್ಡಲಾಗಿ ಸರಪಣಿ ಬಿಗಿದಿದ್ದಾರೆ. ಅರಸನ ಕುದುರೆಯವರು ಬರುತ್ತಾರೆಂದು ಹೆಂಗಸರೆಲ್ಲ ಮಹಡಿಯಲ್ಲಿ ಕುದಿನೀರಿನ ಹಂಡೆ ಇಟ್ಟುಕೊಂಡು ಕಾದೆವು. ನಾನೂ ಕಾದೆ. ಯಾರೂ ಬರಲಿಲ್ಲ. ಆ ನೀರಿನಲ್ಲೇ ಬಟ್ಟೆ ಒಗೆದೆ.

ನಿನ್ನ ಅಳಿಯ ಟೋಬಿ ಕೈಗವಸು ಹೊಲಿಯುವುದನ್ನು ಬಿಟ್ಟು ದಿನವಿಡೀ ಬೀದಿಯ ಮೂಲೆಯಲ್ಲಿ ನಿಂತು ವಾದ ಮಾಡುತ್ತಾನೆ. "ನಿಮ್ಮಪ್ಪಂಗೆ ಬರಿ ಡಾರ್ಕಸ್, ಮನೆಗೆ ಕಳ್ಳ ನುಗ್ಗಿದ್ರೆ ಯಜಮಾನನ್ನ ಕೂಗ್ತೀವಿ, ಯಜಮಾನನೇ ಕತ್ತಿ ಹಿಡ್ಕೊಂಡು ನುಗ್ಗಿದ್ರೆ ಯಾರ್ನ ಕೂಗೋದು ಅಂತ ಕೇಳು" ಅನ್ನುತ್ತಾನೆ.

ನಾನು ಬೇರೆ ಕೇಳುತ್ತೇನೆ. ನೀನು ಹಳೆಯ ಅರಸರ ಕಥೆಗಳನ್ನೆಲ್ಲ ಓದಿದವನು. ಹಿಂದೆ ಹೀಗಾದಾಗ ಆಮೇಲೆ ಏನಾಗಿತ್ತು?

ನಿನ್ನ ಮಗಳು,
ಡಾರ್ಕಸ್

*

ಆಲ್ಡರ್‌ಕೋಟ್
ಮಾರ್ಚ್ 6

ಮಗಳೇ,

ಆಮೇಲೆ ಏನಾಗಿತ್ತು ಎಂದು ಕೇಳಿದ್ದೀಯ. ಪುಸ್ತಕಗಳಲ್ಲಿ ಇರುವುದು ಹೀಗೆ: ಮೊದಲು ಇಬ್ಬರೂ ಕಾನೂನು ತಮ್ಮ ಕಡೆಗಿದೆ ಅನ್ನುತ್ತಾರೆ. ಅಲ್ಲಿಯವರೆಗೆ ಪುಟಗಳಲ್ಲಿ ದೊಡ್ಡವರ ಹೆಸರುಗಳಿರುತ್ತವೆ. ಅಲ್ಲಿಂದಾಚೆಗೆ ಹೊಲಗಳ ಹೆಸರು ಶುರುವಾಗುತ್ತದೆ, ಯಾವ ಹೊಲದಲ್ಲಿ ಎಷ್ಟು ಜನ ಬಿದ್ದರು ಎಂದು.

ಈ ವರ್ಷ ಊರಿನ ಕಾನ್‌ಸ್ಟೆಬಲ್ ಸರದಿ ನನ್ನದು. ಸಂಬಳವಿಲ್ಲ, ಬೈಗುಳಕ್ಕೆ ಕೊರತೆಯಿಲ್ಲ. ಜೀನು ಹೊಲಿಯುವ ಸೂಜಿಯ ಜೊತೆಗೆ ಚರ್ಚಿನ ಅಟ್ಟದ ಬೀಗದಕೈಯೂ ಸೊಂಟಕ್ಕೆ ಬಂದಿದೆ. ಆ ಅಟ್ಟದಲ್ಲಿ ಊರಿನ ಆರು ಕೋವಿ, ನಾಲ್ಕು ಈಟಿ, ಎರಡು ಪೀಪಾಯಿ ಕೋವಿಮದ್ದು ಇರುವುದು ನಿನಗೆ ಗೊತ್ತಲ್ಲ.

ಹೋದ ಭಾನುವಾರ ಊರಿನ ಗಂಡಸರೆಲ್ಲ ಚರ್ಚಿನಲ್ಲಿ ಆಣೆ ಇಟ್ಟೆವು. ಪಾರ್ಲಿಮೆಂಟಿನ ಅಪ್ಪಣೆ, ಹದಿನೆಂಟು ತುಂಬಿದವರು ಯಾರೂ ತಪ್ಪುವಂತಿಲ್ಲ. ಧರ್ಮವನ್ನು ಕಾಯುತ್ತೇವೆ, ಅರಸನ ಮಾನವನ್ನು ಕಾಯುತ್ತೇವೆ, ಪಾರ್ಲಿಮೆಂಟಿನ ಹಕ್ಕನ್ನು ಕಾಯುತ್ತೇವೆ. ಪ್ರಾಣ ಕೊಟ್ಟಾದರೂ. ಮೂರೂ ಒಂದೇ ವಾಕ್ಯದಲ್ಲಿ. ಗಿರಣಿಯ ಜೆಂಕಿನ್‌ಗೆ ಬಾಯಿ ತಡೆಯಲಿಲ್ಲ. "ಆಂಬ್ರೋಸಣ್ಣ, ಅರಸಂಗೂ ಪಾರ್ಲಿಮೆಂಟಿಗೂ ಒಂದೇ ಉಸ್ರಲ್ಲಿ ಆಣೆನಾ? ಇಬ್ರು ಹೆಂಡ್ರಿಗೆ ಒಂದೇ ಉಂಗ್ರ ತೊಡ್ಸಿದಂಗಾಯ್ತಲ್ಲ!" ಪಾದ್ರಿಗಳು "ಸುಮ್ನೆ ಗುರುತು ಹಾಕಿ ಹೋಗೋ" ಎಂದು ಗದರಿದರು. ಎಲ್ಲರೂ ನಕ್ಕರು. ನಿನ್ನ ತಮ್ಮ ರಾಬಿನ್ ಮಾತ್ರ ನಗಲಿಲ್ಲ. ಹೋದ ತಿಂಗಳು ಹದಿನೆಂಟು ತುಂಬಿತಲ್ಲ, ತನ್ನ ಹೆಸರನ್ನು ಎರಡು ಸಾಲಿನಷ್ಟು ದೊಡ್ಡದಾಗಿ ಬರೆದ. ದಾರಿಯಲ್ಲಿ ಅಂದ, "ಇದೇ ನನ್ನ ಮೊದಲ್ನೇ ಆಣೆ ಅಪ್ಪಾ. ಗಂಡಸಾದಂಗೆ ಅನ್ಸುತ್ತೆ."

ನಿನ್ನ ಗಂಡನಿಗೆ ಹೇಳು, ಅರಸ ಏನು ಮಾಡಿದ ಎಂದು ನನಗೆ ಕಲಿಸಬೇಕಾಗಿಲ್ಲ. ಹನ್ನೊಂದು ವರ್ಷ ಪಾರ್ಲಿಮೆಂಟನ್ನೇ ಕರೆಯದೆ ಆಳಿದ. ಕಡಲಿನ ಗಾಳಿಯೂ ಬೀಸದ ನಮ್ಮೂರಿನಿಂದ ಹಡಗಿನ ತೆರಿಗೆ ಎತ್ತಿದ. ಅವನ ಉಪ್ಪುಗಾರರನ್ನು ನೀನು ಮರೆತಿಲ್ಲ. ಕುದುರೆಯ ಗಂಜಲ ಇಳಿದ ನೆಲದಲ್ಲಿ ಕೋವಿಮದ್ದಿಗೆ ಬೇಕಾದ ಉಪ್ಪು ಹುಟ್ಟುತ್ತದೆ, ಆ ಮಣ್ಣೆಲ್ಲ ಅರಸನದು ಎಂದು ಚೀಟಿ ತೋರಿಸಿ ನಮ್ಮ ಲಾಯ ಅಗೆದರು. ಆಮೇಲೆ ಪಕ್ಕದ ಕೋಣೆ. ಜ್ವರದಲ್ಲಿದ್ದ ನಿನ್ನ ಅಮ್ಮನನ್ನು ಹಾಸಿಗೆ ಸಮೇತ ಎತ್ತಿ ಪಕ್ಕಕ್ಕಿಟ್ಟು ಅಡಿಯ ನೆಲ ಅಗೆದರು. ಬಾಯಿ ಬಿಟ್ಟ ಆ ನೆಲದ ಪಕ್ಕದಲ್ಲೇ ಒಂಬತ್ತು ದಿನಕ್ಕೆ ಅವಳು ತೀರಿಕೊಂಡಳು. ಅಂಗಳದಲ್ಲಿ ಹಂಡೆಯಿಟ್ಟು ಮಣ್ಣನ್ನು ಕುದಿಸುತ್ತಿದ್ದವನು ನನಗೆ ಪಾಠ ಬೇರೆ ಹೇಳಿದ: "ಈ ಉಪ್ಪು ನೀರಲ್ಲಿ ಬರುತ್ತೆ, ನೀರಲ್ಲೇ ಹೋಗುತ್ತೆ ಕಣಯ್ಯ. ಮದ್ದು ನೆಂದು ಒಣಗ್ತೋ, ನೋಡೋಕೆ ಮದ್ದೇ, ಒಳಗೆ ಬರೀ ಇದ್ದಿಲು." ಅಟ್ಟದಲ್ಲಿರುವ ಮದ್ದಿನಲ್ಲಿ ನಮ್ಮ ಮನೆಯ ನೆಲವೂ ಇದೆ.

ನಾನು ಏನನ್ನೂ ಮರೆತಿಲ್ಲ. ಆದರೂ ಅರಸನ ಮೇಲೆ ಸಿಟ್ಟು ಬೇರೆ, ಅರಸನ ಮೇಲೆ ಕೋವಿ ಬೇರೆ. ಟೋಬಿಗೆ ಇಷ್ಟು ತಿಳಿದರೆ ಸಾಕು.

ನಿನ್ನ ಅಪ್ಪ,
ಆಂಬ್ರೋಸ್ ವೆಲ್ಬಿ

*

ಲಂಡನ್
ಜೂನ್ 20

ಅಪ್ಪಾ,

ಎರಡು ಸುದ್ದಿ. ದೇವರು ನಡೆಸಿದರೆ ಡಿಸೆಂಬರಿನಲ್ಲಿ ನೀನು ತಾತನಾಗುತ್ತೀಯ. ಇನ್ನೊಂದು, ಟೋಬಿ ಪಾರ್ಲಿಮೆಂಟಿನ ಪಡೆಗೆ ಹೆಸರು ಕೊಟ್ಟಿದ್ದಾನೆ. ದಿನಾ ಬೆಳಿಗ್ಗೆ ಮೈದಾನದಲ್ಲಿ ಕವಾಯತು.

"ಅರಸನ ಮೇಲೆ ಹೋಗ್ತೀಯಾ?" ಎಂದು ಕೇಳಿದೆ. "ಛೆ, ಅರಸಂಗೋಸ್ಕರನೇ ಹೋಗೋದು. ಸುತ್ತ ಇರೋ ಕೆಟ್ಟೋರ ಕೈಯಿಂದ ಬಿಡಿಸ್ಕೊಂಡು ಬರ್ತೀವಿ" ಅಂದ. ಗುಂಡಿಗೆ ಅಷ್ಟೆಲ್ಲ ತಿಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಊಟ ಬಿಟ್ಟು ಎದ್ದ.

ಪಡೆಯ ಖರ್ಚಿಗೆಂದು ಹೆಂಗಸರೆಲ್ಲ ಬೆಳ್ಳಿ ಕೊಡುತ್ತಿದ್ದಾರೆ. ಅಮ್ಮನ ಚಮಚ ಕೊಟ್ಟುಬಿಟ್ಟೆ. ಬೈಯಬೇಡ. ಕೊಡದವರ ಬಾಗಿಲಿಗೆ ಗುರುತು ಹಾಕುತ್ತಾರೆ.

ಡಾರ್ಕಸ್

*

ಆಲ್ಡರ್‌ಕೋಟ್
ಜುಲೈ 18

ಮಗಳೇ,

ಚಮಚದ ಮಾತು ಬಿಡು.

ಶುಕ್ರವಾರ ಒಂದೇ ದಿನ ನನ್ನ ಅಂಗಡಿಗೆ ಎರಡು ಹುಕುಂ ಬಂದವು. ಬೆಳಿಗ್ಗೆ ಬಂದದ್ದು ಪಾರ್ಲಿಮೆಂಟಿನದು: ಅರಸನ ಮತ್ತು ಪಾರ್ಲಿಮೆಂಟಿನ ಹೆಸರಿನಲ್ಲಿ ಊರಿನ ಆಯುಧ, ಮದ್ದು, ಹತ್ತು ಜನರನ್ನು ವಾರಿಕ್ ಕೋಟೆಗೆ ತಲುಪಿಸತಕ್ಕದ್ದು. ಮಧ್ಯಾಹ್ನ ಬಂದದ್ದು ದೊಡ್ಡಮನೆಯ ಸರ್ ಎಡ್ಮಂಡ್ ಲಾವೆಲ್ ಕೈಯಿಂದ, ಲ್ಯಾಟಿನ್ ಭಾಷೆಯಲ್ಲಿ, ಅಂಗೈಯಗಲದ ಮುದ್ರೆಯೊಂದಿಗೆ: ಅರಸನ ಹೆಸರಿನಲ್ಲಿ ಅದೇ ಆಯುಧ, ಅದೇ ಮದ್ದು, ಅದೇ ಹತ್ತು ಜನ ಸರ್ ಎಡ್ಮಂಡರ ಬಳಿ ಸೇರತಕ್ಕದ್ದು. ಮೊದಲನೆಯದಕ್ಕೆ ಬಗ್ಗಿದವನು ದ್ರೋಹಿ ಎಂದು ಎರಡನೆಯದು ಹೇಳುತ್ತದೆ. ಎರಡನೆಯದಕ್ಕೆ ಬಗ್ಗಿದವನು ದ್ರೋಹಿ ಎಂದು ಮೊದಲನೆಯದು. ಅರಸ ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಸೇನೆ ಕಟ್ಟುವಂತಿಲ್ಲ. ಸರಿ. ಅರಸನ ಸಹಿಯಿಲ್ಲದೆ ಪಾರ್ಲಿಮೆಂಟು ಕಾನೂನು ಮಾಡುವಂತಿಲ್ಲ. ಅದೂ ಸರಿ. ಇಷ್ಟು ಓದಿದ್ದೇನೆ, ಎಲ್ಲೂ ಮೂರನೆಯ ದಾರಿ ಕಾಣಲಿಲ್ಲ. ಅತ್ತ ದರಿ, ಇತ್ತ ಪುಲಿ.

ಇಬ್ಬರಿಗೂ ಒಂದೇ ಉತ್ತರ ಕಳಿಸಿದೆ: ಅಟ್ಟದ ಮೆಟ್ಟಿಲನ್ನು ಹುಳು ತಿಂದಿದೆ, ದುರಸ್ತಿಯಾದ ಮೇಲೆ ಇಳಿಸುತ್ತೇನೆ. ಜೆಂಕಿನ್ ಬಂದು ಮೆಟ್ಟಿಲನ್ನು ಒದ್ದು ನೋಡಿದ. "ಓಕ್ ಮರ ಕಣಣ್ಣ. ಇದನ್ನ ತಿನ್ನೋ ಹುಳು ಇನ್ನೂ ಹುಟ್ಟಿಲ್ಲ." ಆಮೇಲೆ ತಾನೇ ಗರಗಸ ತಂದು ಎರಡು ಮೆಟ್ಟಿಲು ಕೊಯ್ದು ಕೊಟ್ಟ.

ಆಂಬ್ರೋಸ್

*

ಲಂಡನ್
ಆಗಸ್ಟ್ 30

ಅಪ್ಪಾ,

ಅರಸ ನಾಟಿಂಗಮ್ಮಿನಲ್ಲಿ ಯುದ್ಧದ ಬಾವುಟ ಏರಿಸಿದನಂತೆ. ಟೋಬಿಯ ಪಡೆ ಮುಂದಿನ ವಾರ ಹೊರಡುತ್ತದೆ. ನಿಮ್ಮ ಕಡೆಗೇ.

ಒಂದನ್ನು ಕೇಳುತ್ತೇನೆ, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ. ಸರ್ ಎಡ್ಮಂಡ್ ಆ ಮದ್ದನ್ನು ಬಿಡುವವರಲ್ಲ. ಇವತ್ತಲ್ಲ ನಾಳೆ ಒಯ್ಯುತ್ತಾರೆ. ಅದರ ಎದುರಿಗೆ ನಿಲ್ಲುವವನು ನನ್ನ ಗಂಡ. ನಮ್ಮ ಮನೆಯ ನೆಲದಿಂದ, ಅಮ್ಮನ ಹಾಸಿಗೆಯ ಅಡಿಯಿಂದ ತೆಗೆದ ಉಪ್ಪು ನನ್ನ ಮಗುವಿನ ತಂದೆಯ ಮೈಗೆ ಹೋಗಬೇಕೇ? ಉಪ್ಪುಗಾರ ಹೇಳಿದ ಪಾಠ ನಿನಗೆ ನೆನಪಿದೆ ಎಂದು ನೀನೇ ಬರೆದಿದ್ದೆ.

ಹೊಟ್ಟೆಯಲ್ಲಿ ಮಗು ಒದೆಯುತ್ತದೆ. ಟೋಬಿ ಅಲ್ಲಿ ಕೈಯಿಟ್ಟು "ಕವಾಯತು ಕಲೀತಿದಾನೆ" ಅನ್ನುತ್ತಾನೆ.

ಡಾರ್ಕಸ್

*

ಆಲ್ಡರ್‌ಕೋಟ್
ಸೆಪ್ಟೆಂಬರ್ 14

ಮಗಳೇ,

ಓದಿದ ಕೂಡಲೇ ಇದನ್ನು ಸುಡು.

ನೀನು ಕೇಳಿದ್ದು ಆಗಿದೆ. ಊರೆಲ್ಲ ಕೊಯ್ಲಿಗೆ ಹೋಗಿದ್ದ ಹೊತ್ತಿನಲ್ಲಿ ಬಕೆಟ್ಟು ಬಕೆಟ್ಟಾಗಿ ಬಾವಿಯ ನೀರನ್ನು ಅಟ್ಟಕ್ಕೆ ಹೊತ್ತೆ. ಮದ್ದನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೂರು ಸಲ ಅದ್ದಿ ಹಿಂಡಿದೆ. ಉಪ್ಪೆಲ್ಲ ನೀರಿಗಿಳಿಯಿತು. ಆ ನೀರನ್ನು ಚೆಲ್ಲಿದ್ದು ನಿನ್ನ ಅಮ್ಮನ ಗೋರಿಯ ಹತ್ತಿರದ ಹುಲ್ಲಿಗೆ. ಅವಳ ನೆಲದ್ದು ಅವಳಿಗೆ ಹೋಗಲಿ ಎಂದು. ಉಳಿದ ಕರಿಯನ್ನು ನಾಲ್ಕು ದಿನ ಗಾಳಿಗೆ ಹರವಿ, ಜರಡಿ ಹಿಡಿದು, ಮತ್ತೆ ಪೀಪಾಯಿಗೆ ತುಂಬಿದೆ. ನೋಡಲು ಮದ್ದೇ. ಚಿಟಿಕೆಗೆ ಬೆಂಕಿ ಮುಟ್ಟಿಸಿ ನೋಡಿದೆ. ಬೆಕ್ಕಿನ ಹಾಗೆ ಬುಸ್ಸೆಂದು ಆರಿತು.

ಜೀವಮಾನವೆಲ್ಲ ಅರಸರ ಕಥೆ ಓದಿದ್ದಕ್ಕೆ ಕೊನೆಗೂ ಒಂದು ಕೆಲಸ ಮಾಡಿದೆ ಅನ್ನಿಸಿತು. ಇಬ್ಬರಲ್ಲಿ ಯಾರು ಒಯ್ದರೂ ಆಲ್ಡರ್‌ಕೋಟಿನ ಮದ್ದು ಯಾರನ್ನೂ ಕೊಲ್ಲುವುದಿಲ್ಲ. ನಮ್ಮೂರಿನ ಪಾಲಿಗೆ ಈ ಯುದ್ಧ ಇಲ್ಲ.

ರಾಬಿನ್‌ಗೆ ಹೇಳಿಲ್ಲ. ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಕಾನ್‌ಸ್ಟೆಬಲನ ಒಬ್ಬನೇ ಮಗನನ್ನು ಪಟ್ಟಿಗೆ ಸೇರಿಸುವುದಿಲ್ಲ ಎಂದು ಸರ್ ಎಡ್ಮಂಡ್ ಕೈ ಹಿಡಿದು ಮಾತು ಕೊಟ್ಟಿದ್ದಾರೆ.

ಆಂಬ್ರೋಸ್

*

ಆಲ್ಡರ್‌ಕೋಟ್
ಅಕ್ಟೋಬರ್ 20

ಡಾರ್ಕಸ್,

ಅರಸನ ಸೇನೆ ಎರಡು ಹರದಾರಿ ದೂರದಲ್ಲಿ ಹಾದುಹೋಗುತ್ತಿದೆ. ನಿನ್ನೆ ಬೆಳಿಗ್ಗೆ ಸರ್ ಎಡ್ಮಂಡ್ ಇಪ್ಪತ್ತು ಕುದುರೆಗಳೊಂದಿಗೆ ಬಂದು ಅಟ್ಟದ ಬಾಗಿಲು ತೆಗೆಸಿದರು. ಕೋವಿ, ಈಟಿ, ಎರಡೂ ಪೀಪಾಯಿ ಗಾಡಿಗೇರಿದವು. ಪಟ್ಟಿ ಓದಿದರು. ಆರು ಕೋವಿಗೆ ಐದೇ ಜನ. ಆರನೆಯವನಾದ ನೇಯ್ಗೆಯವನು ಹಿಂದಿನ ದಿನವೇ ಕಾವೆಂಟ್ರಿಗೆ ಓಡಿಹೋಗಿದ್ದ.

"ನಾನ್ ಬರ್ತೀನಿ" ಎಂದು ರಾಬಿನ್ ಮುಂದೆ ಬಂದ.

ನಾನು ಸರ್ ಎಡ್ಮಂಡರ ಲಗಾಮು ಹಿಡಿದೆ. "ಮಾತು ಕೊಟ್ಟಿದ್ರಿ ಧಣಿ."

"ನಾನ್ ಕರೀಲಿಲ್ಲ ವೆಲ್ಬಿ, ಅವನೇ ಬಂದ. ನಿನ್ನ ಮಗ ನಿನಗಿಂತ ಗಟ್ಟಿಗ."

"ಆಣೆ ಇಟ್ಟಿದೀನಲ್ಲಪ್ಪ," ಅಂದ ರಾಬಿನ್. "ಪ್ರಾಣ ಕೊಟ್ಟಾದ್ರೂ ಅಂತ ನೀನೇ ಓದಿ ಹೇಳ್ಸಿದ್ದು. ನಾನು ಹೆಸ್ರು ಎಷ್ಟ್ ದಪ್ಪ ಬರ್ದಿದೀನಿ ನೋಡು ಬೇಕಾದ್ರೆ."

ನಾನು ಒಂದು ಮೈಲಿಯುದ್ದಕ್ಕೂ ಅವನ ಪಕ್ಕದಲ್ಲಿ ನಡೆದೆ. ಆ ಮದ್ದು ಸತ್ತಿದೆ, ಓಡು. ಇಷ್ಟು ಹೇಳಿದ್ದರೆ ಸಾಕಿತ್ತು. ಸರ್ ಎಡ್ಮಂಡರ ಗುಮಾಸ್ತೆ ಕುದುರೆಯನ್ನು ನಮ್ಮ ಹೆಗಲಿಗೇ ತಾಗಿಸಿಕೊಂಡು ಬರುತ್ತಿದ್ದ. ಹೇಳಿದ್ದರೆ ಮುಂದಿನ ಮರಕ್ಕೆ ನನ್ನನ್ನು ನೇತುಹಾಕುತ್ತಿದ್ದರು. ನೇಣಿಗೆ ಹೆದರಿದೆನೋ, ಅವನನ್ನೂ ಜೊತೆಗೆ ಹಾಕುತ್ತಾರೆಂದು ಹೆದರಿದೆನೋ, ಈಗ ನನಗೇ ಬೇರೆಮಾಡಲು ಬರುತ್ತಿಲ್ಲ. ಕೊನೆಗೆ ಸಾರ್ಜೆಂಟ್ "ಹಿಂದಕ್ಕೆ ಹೋಗೋ ಮುದುಕ" ಎಂದಾಗ ರಾಬಿನ್ ತಿರುಗಿದ. "ಏನೋ ಹೇಳ್ಬೇಕು ಅಂತಿದೀಯಲ್ಲ, ಏನಪ್ಪ?"

"ಕಾಲು ಒದ್ದೆ ಮಾಡ್ಕೋಬೇಡ" ಅಂದೆ.

ಅವನು ನಕ್ಕ. ಜೆಂಕಿನ್ ಪಕ್ಕದ ಕೋವಿಯವನು, ಅವನೂ ನಕ್ಕ.

ಬೇಲಿಬದಿಯ ಬೇಟೆಗಾರನ ಹತ್ತಿರ ಬಾತುಕೋಳಿ ಹೊಡೆಯುವ ಒಳ್ಳೆಯ ಮದ್ದು ಇದೆ. ಕಾಲಿಗೆ ಬಿದ್ದು, ಮದ್ದಿಡುವ ಒಂದು ಕೊಂಬಿನ ತುಂಬ ಇಸಿದುಕೊಂಡಿದ್ದೇನೆ. ಯಾರೂ ಸಾಯದಿರಲೆಂದು ಎರಡು ಪೀಪಾಯಿ ತೊಳೆದವನು ಮಗ ಗುಂಡು ಹಾರಿಸಲಿ ಎಂದು ಒಂದು ಕೊಂಬಿಗಾಗಿ ಅಂಗಲಾಚಿದೆ. ಯಾರ ಮೇಲೆ ಹಾರಿಸುತ್ತಾನೆ ಎಂದು ನನಗೆ ಗೊತ್ತು. ನಿನಗೂ ಗೊತ್ತು. ಇದನ್ನು ಪೆರಿಯ ಕೈಗಿಟ್ಟು ಈಗಲೇ ಸೇನೆಯ ಹಿಂದೆ ಹೊರಡುತ್ತೇನೆ.

ಟೋಬಿಗೆ ಸುದ್ದಿ ಮುಟ್ಟಿಸಲು ಆದರೆ ಹೇಳು: ರಾಬಿನ್ ನನ್ನ ಹಳೆಯ ತೊಗಲಿನ ಜುಬ್ಬ ತೊಟ್ಟಿದ್ದಾನೆ, ಎಡತೋಳಿಗೆ ತೇಪೆ ಇದೆ.

ಅಪ್ಪ

*

ಲಂಡನ್
ನವೆಂಬರ್ 5

ಅಪ್ಪಾ,

ನಿನ್ನ ಪತ್ರ ನಿನ್ನೆ ಬಂತು. ಅದಕ್ಕೆ ಮೊದಲೇ ಟೋಬಿಯ ಪತ್ರ ಬಂದಿತ್ತು. ಅವನಿಗೆ ಏನೂ ಆಗಿಲ್ಲ. ಎಜ್‌ಹಿಲ್ ಎಂಬ ಗುಡ್ಡದ ಕೆಳಗೆ ಕಾದಾಟವಾದ ಮೂರನೆಯ ದಿನ ವಾರಿಕ್ಕಿನಿಂದ ಬರೆದದ್ದು. ಮೊದಲ ಸಲ ಓದಿದಾಗ ನಾನೂ ನಕ್ಕೆ, ಅಪ್ಪಾ. ಆ ಸಾಲುಗಳನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ:

"ನಮ್ಮೆದುರಿಗೆ ಯಾವುದೋ ಹಳ್ಳಿಯವರು ನಿಂತಿದ್ದರು. ಕೋವಿ ಎತ್ತಿದರು, ಬತ್ತಿ ಮುಟ್ಟಿಸಿದರು, ಬರೀ ಬುಸ್ ಅಂತು. ಮತ್ತೆ ತುಂಬಿದರು, ಮತ್ತೆ ಬುಸ್. ನಮ್ಮವನೊಬ್ಬ 'ಏನ್ರೋ, ಹೆಂಡ್ರು ಒಗ್ದು ಕೊಟ್ರಾ ಮದ್ದ್ನ?' ಎಂದು ಕೂಗಿದ. ಸಾಲು ಸಾಲೇ ಬಿದ್ದು ಬಿದ್ದು ನಕ್ಕೆವು. ಉಳಿದವರು ಕೋವಿ ಎಸೆದು ಓಡಿದರು, ಒಬ್ಬ ಹುಡುಗ ಮಾತ್ರ ಓಡಲಿಲ್ಲ. ತುಂಬುತ್ತಲೇ ಇದ್ದ. ಆಮೇಲೆ ನಮ್ಮ ಸರದಿ ಬಂತು."

ಟೋಬಿ ರಾಬಿನ್‌ನನ್ನು ಕೊನೆಯ ಸಲ ನೋಡಿದ್ದು ನಮ್ಮ ಮದುವೆಯಲ್ಲಿ. ಆಗ ಅವನಿಗೆ ಹದಿಮೂರು.

ಇವತ್ತು, ಹಿಂದೊಮ್ಮೆ ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸಲು ಹೊರಟವರು ಸಿಕ್ಕಿಬಿದ್ದ ದಿನ. ಯುದ್ಧವಿದ್ದರೂ ಬೀದಿಬೀದಿಯಲ್ಲಿ ಬೆಂಕಿ ಹಾಕಿದ್ದಾರೆ, ಮಕ್ಕಳು ಪಟಾಕಿ ಸಿಡಿಸುತ್ತಿದ್ದಾರೆ. ಪ್ರತಿಯೊಂದೂ ಢಂ ಅನ್ನುತ್ತದೆ. ಒಂದೂ ಬುಸ್ ಅನ್ನುವುದಿಲ್ಲ.

ಅದು ಬೇರೆ ಊರು ಎಂದು ಬರೆ. ನೀನು ಅವನನ್ನು ಸೇರಿಕೊಂಡೆ ಎಂದು ಬರೆ. ಕೇಳಿದ್ದು ನಾನಲ್ಲವೇ.

ಡಾರ್ಕಸ್

*

(ಕಳಿಸದೆ ಉಳಿದದ್ದು)

ಆಲ್ಡರ್‌ಕೋಟ್
ನವೆಂಬರ್ 17

ಡಾರ್ಕಸ್,

ನಾನು ಅವನನ್ನು ಸೇರಿಕೊಳ್ಳಲಿಲ್ಲ. ಸದಮ್ ಊರಿನ ಹೊರಗೆ ಸೇನೆಯ ಗಾಡಿಗಳವರು ಕೊಂಬನ್ನು ಕಿತ್ತುಕೊಂಡು, ಬೇಹುಗಾರನೆಂದು ಬಡಿದು, ಒಂದು ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಭಾನುವಾರ ಮಧ್ಯಾಹ್ನ ಫಿರಂಗಿಯ ಸದ್ದನ್ನು ಅಲ್ಲಿಂದಲೇ ಕೇಳಿದೆ.

ಜೆಂಕಿನ್ ಮೊನ್ನೆ ಬಂದ. ಮಾರನೆಯ ಬೆಳಿಗ್ಗೆ ಆ ಹೊಲಕ್ಕೆ ಮರಳಿ ಹೋಗಿ ರಾಬಿನ್‌ನನ್ನು ಹುಡುಕಿ, ಅಲ್ಲಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದನಂತೆ. ಅವನ ಕೋವಿಯನ್ನು ತಂದುಕೊಟ್ಟ. ಊರಿನ ಕೋವಿಯಲ್ಲವೇ, ಕಾನ್‌ಸ್ಟೆಬಲನಿಗೆ ಒಪ್ಪಿಸಬೇಕು.

"ಓಡೋ ಅಂದೆ ಕಣಣ್ಣ. 'ನಮ್ಮಪ್ಪ ಕಾದಿಟ್ಟ ಮದ್ದು ಜೆಂಕಿನ್, ಕೆಟ್ಟಿರಲ್ಲ, ನನ್ ಕೈನೇ ಸರಿಯಿಲ್ಲ' ಅಂದ. ತುಂಬ್ತಾನೇ ಇದ್ದ."

ನಿನ್ನೆ ಕೋವಿ ಶುಚಿ ಮಾಡಲು ಕೂತೆ. ಸಿಕ್ಕಿಕೊಂಡ ಗುಂಡು ಕೀಳುವ, ತುದಿಗೆ ತಿರುಪಿರುವ ಸಲಾಕೆ ನಳಿಗೆಯೊಳಕ್ಕೆ ಪೂರ್ತಿ ಇಳಿಯಲಿಲ್ಲ. ಒಂದು ಗುಂಡು ಬಂತು, ಅದರ ಹಿಂದೆ ಕರಿ. ಇನ್ನೊಂದು ಗುಂಡು, ಕರಿ. ನಾಲ್ಕು. ಒಂದರ ಮೇಲೊಂದು ತುಂಬಿದ್ದಾನೆ, ಕಲಿಸಿದಂತೆ, ಪ್ರತಿಯೊಂದನ್ನೂ ಅಚ್ಚುಕಟ್ಟಾಗಿ ಗಿಡಿದು. ನಾಲ್ಕನ್ನೂ ಮೇಜಿನ ಮೇಲಿಟ್ಟೆ.

ನಾನು ಪುಸ್ತಕ ಓದುತ್ತ ಲೆಕ್ಕವಿಲ್ಲದಷ್ಟು ಸಲ ಸಿಟ್ಟಾಗಿದ್ದೇನೆ, ಅರಸನ ಮೇಲೆ, ಪಾರ್ಲಿಮೆಂಟಿನ ಮೇಲೆ. ನನ್ನ ಸಿಟ್ಟೆಲ್ಲ ನ್ಯಾಯವೇ. ಇವತ್ತು ಬೆಳಿಗ್ಗೆ ವಾರಿಕ್ಕಿನಿಂದ ಮತ್ತೊಂದು ಹುಕುಂ ಬಂದಿದೆ, ಅರಸನ ಮತ್ತು ಪಾರ್ಲಿಮೆಂಟಿನ ಹೆಸರಿನಲ್ಲಿ: ಊರಿನ ಮದ್ದು ಏನಾಯಿತು ಎಂದು ಬರೆದು ತಿಳಿಸತಕ್ಕದ್ದು. ಏನಾಯಿತು? ಅವರೂ ಕೇಳುತ್ತಿದ್ದಾರೆ, ನೀನೂ ಕೇಳುತ್ತಿದ್ದೀಯ.

ಆಗಸ್ಟಿನಲ್ಲಿ ನೀನು ಬರೆದ ಪತ್ರ ಇಲ್ಲೇ ಇದೆ. ನೀನು ಕೇಳಿದ್ದರಿಂದಲೇ ಹೀಗಾಯಿತು ಎಂದು ನಾನು ಬರೆಯುವುದಿಲ್ಲ, ಬರೆಯದಿದ್ದರೂ ನೀನು ಅದನ್ನೇ ಓದುತ್ತೀಯ. ಟೋಬಿ ಎದುರಿಗೆ ಕೂತು ಉಣ್ಣುವಾಗ, ಮಗುವನ್ನು ಎತ್ತಿಕೊಂಡಾಗ, ನಕ್ಕಾಗ

*

ಆಲ್ಡರ್‌ಕೋಟ್
ನವೆಂಬರ್ 18

ಮಗಳೇ,

ಧೈರ್ಯ ತಂದುಕೊಂಡು ಓದು. ರಾಬಿನ್ ಇಲ್ಲ. ಎಜ್‌ಹಿಲ್‌ನಲ್ಲಿ, ಸವಾರನಿಲ್ಲದೆ ನುಗ್ಗಿಬಂದ ಕುದುರೆಯೊಂದರ ಕಾಲಿಗೆ ಸಿಕ್ಕಿದನಂತೆ. ಗುಂಡು ತಾಗಿದ್ದಲ್ಲ. ಜೆಂಕಿನ್ ಕಣ್ಣಾರೆ ನೋಡಿದ್ದಾನೆ.

ನಾನು ಸದಮ್‌ನಲ್ಲೇ ಅವನನ್ನು ಸೇರಿಕೊಂಡೆ. ಕೊಂಬಿನ ಮದ್ದನ್ನು ಅವನ ಕೈಗೇ ಕೊಟ್ಟೆ. ಹಳೆಯದನ್ನು ಹಳ್ಳಕ್ಕೆ ಸುರಿದ. ನಮ್ಮೂರಿನವರು ನಿಂತದ್ದು ಬಲಗಡೆಯ ತುದಿಯಲ್ಲಿ, ಟೋಬಿಯ ಪಡೆಗೆ ಮೈಲಿ ದೂರ. ಅವನು ನೋಡಿದ್ದು ಬೇರೆ ಯಾವುದೋ ಊರಿನವರನ್ನು. ಮದ್ದು ನೆನೆದ ಊರುಗಳು ಅವತ್ತು ಬೇಕಾದಷ್ಟಿದ್ದವಂತೆ.

ನೀನು ಕೇಳಿದ್ದರಿಂದ ಏನೂ ಆಗಲಿಲ್ಲ. ಟೋಬಿಗೆ ಏನನ್ನೂ ಹೇಳಬೇಡ. ಅವನು ಆ ಕಥೆಯನ್ನು ನಾಲ್ಕು ಜನರಿಗೆ ಹೇಳಿ ನಗಲಿ, ನೀನೂ ಜೊತೆಗೆ ಕೂತಿರು.

ಹೆರಿಗೆಗೆ ಮೂರು ವಾರವಿದೆ. ಲಂಡನ್ನಿನಲ್ಲಿ ಮಳೆ ಜೋರಂತೆ. ಮನೆಯಲ್ಲೇ ಇರು. ಕಾಲು ಒದ್ದೆ ಮಾಡಿಕೊಳ್ಳಬೇಡ.

ನಿನ್ನ ಅಪ್ಪ,
ಆಂಬ್ರೋಸ್ ವೆಲ್ಬಿ